ಕೊನೆಗಾಲದ ಆರೈಕೆ ಬಗ್ಗೆ ನರ್ಸ್‌ಗಳ ಸಂಶೋಧನೆ: ಹೇಗೆ ಶುರು ಮಾಡಬೇಕು, ಎಲ್ಲಿ ಎಡವುತ್ತೇವೆ

“ಕ್ಯಾನ್ಸರ್ ವಾರ್ಡಿನಲ್ಲಿ ಡ್ಯೂಟಿ ಮಾಡ್ತಿದ್ದೀನಿ. ಕೊನೆ ಹಂತದ ರೋಗಿಗಳ ಬಗ್ಗೆ ಒಂದು ಸ್ಟಡಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?” ಈ ಪ್ರಶ್ನೆ ಕೇಳುವವರಲ್ಲಿ ಎರಡು ಥರದವರಿದ್ದಾರೆ. ಕೆಲವರಿಗೆ ಥೀಸಿಸ್ ಮುಗಿಸಬೇಕು. ಇನ್ನು ಕೆಲವರಿಗೆ ವಾರ್ಡಿನಲ್ಲಿ ದಿನಾ ಕಾಡುವ ಯಾವುದೋ ಒಂದಕ್ಕೆ ಉತ್ತರ ಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯ್ತು, ಹಾಗಾಗಿ ಎಲ್ಲ ಒಂದೇ ಕಡೆ ಬರೆದಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ನೀವು ಖರ್ಚು ಮಾಡುವುದು ರೋಗಿಯ ಸಮಯವನ್ನು. ನೀವು ಪ್ರಶ್ನಾವಳಿ ಹಿಡಿದು ಕೂರುವ ಇಪ್ಪತ್ತು ನಿಮಿಷದಲ್ಲಿ ಅವರು ಮಗಳ ಜೊತೆ ಮಾತಾಡಬಹುದಿತ್ತು, ಇಲ್ಲವೇ ನೋವಿಲ್ಲದೆ ಒಂದು ನಿದ್ದೆ ತೆಗೆಯಬಹುದಿತ್ತು. ಮುಂದೆ ಬರುವ ಪ್ರತಿ ಹಂತದಲ್ಲೂ ಇದೇ ಲೆಕ್ಕ ಹಾಕಿ: ಇದಕ್ಕೆ ಅವರ ಎಷ್ಟು ನಿಮಿಷ ಹೋಗುತ್ತದೆ, ಅಷ್ಟು ಬೆಲೆ ಇದಕ್ಕಿದೆಯಾ?

ಎರಡು ಪದ ಬಿಡಿಸಿಕೊಳ್ಳೋಣ. ಪ್ಯಾಲಿಯೇಟಿವ್ ಕೇರ್ ಅಂದರೆ ಉಪಶಾಮಕ ಆರೈಕೆ. ನೋವು, ಉಸಿರಾಟದ ತೊಂದರೆ, ಭಯ, ಮನೆಯವರ ಆತಂಕ ಇವನ್ನೆಲ್ಲ ತಗ್ಗಿಸುವ ಆರೈಕೆ. ಇದು ಕಾಯಿಲೆ ಗೊತ್ತಾದ ದಿನದಿಂದಲೇ, ಕೀಮೋ ನಡೆಯುತ್ತಿರುವಾಗಲೇ ಶುರುವಾಗಬಹುದು. ಕೊನೆಗಾಲದ ಆರೈಕೆ ಅದರದೇ ಒಂದು ಭಾಗ, ಬದುಕಿನ ಕಡೆಯ ತಿಂಗಳು, ವಾರ, ದಿನಗಳದ್ದು. ನಿಮ್ಮ ಸ್ಟಡಿ ಯಾವುದರ ಬಗ್ಗೆ ಅಂತ ಮೊದಲ ಪುಟದಲ್ಲೇ ಬರೆಯಿರಿ. ಎರಡನ್ನೂ ಬೆರೆಸಿದರೆ, ನಡೆದಾಡುತ್ತಾ ಓಪಿಡಿಗೆ ಬರುವವರೂ ಎರಡು ದಿನದಲ್ಲಿ ಹೋಗಿಬಿಡುವವರೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತಾರೆ.

ಏನೇನು ಬೇಕು

ಒಬ್ಬ ಗೈಡ್. ಅಂಕಿ-ಅಂಶ ಗೊತ್ತಿರುವ ಒಬ್ಬರು, ಅದೂ ಡಾಟಾ ಸೇರಿಸುವ ಮುಂಚೆಯೇ. ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ನ ಒಪ್ಪಿಗೆ. ಪತ್ರದಲ್ಲಿ ಸಹಿ ಇದ್ದರೆ ಸಾಲದು, ಮನಸ್ಸಿನಿಂದಲೂ ಒಪ್ಪಿರಬೇಕು. ಎಥಿಕ್ಸ್ ಕಮಿಟಿಯ ಅನುಮತಿಗೆ ತಿಂಗಳುಗಟ್ಟಲೆ ಹಿಡಿಯಬಹುದು, ಅದನ್ನು ನಿಮ್ಮ ವೇಳಾಪಟ್ಟಿಯಲ್ಲಿ ಸೇರಿಸಿ. ಜೊತೆಗೆ, ಮನಸ್ಸು ಭಾರವಾದಾಗ ಫೋನ್ ಮಾಡಬಹುದಾದ ಒಬ್ಬರು ಬೇಕು. ಕೊನೆಯದನ್ನು ಎಲ್ಲರೂ ನಗುತ್ತಾ ಬಿಟ್ಟುಬಿಡುತ್ತಾರೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹಂತ 1: ಪ್ರಶ್ನೆಯನ್ನು ಹಾಸಿಗೆ ಪಕ್ಕದಲ್ಲೇ ಹುಡುಕಿ

“ಕ್ಯಾನ್ಸರ್ ರೋಗಿಗಳ ಜೀವನದ ಗುಣಮಟ್ಟ” ಅನ್ನುವುದು ಪ್ರಶ್ನೆಯಲ್ಲ, ಒಂದು ಲೈಬ್ರರಿ. ಅದರಲ್ಲಿ ಎಷ್ಟು ಓದಿದರೂ ಮುಗಿಯುವುದಿಲ್ಲ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನದು. ಉಸಿರು ಸಿಗದೆ ಒದ್ದಾಡುವವರು ಕಿಟಕಿ ತೆಗೆಯಿರಿ, ಫ್ಯಾನ್ ಹಾಕಿ ಅನ್ನುವುದನ್ನು ನಾವೆಲ್ಲ ಕೇಳಿದ್ದೇವೆ, ಅಲ್ವಾ? ಅದು ನಿಜಕ್ಕೂ ಕೆಲಸ ಮಾಡುತ್ತದಾ, ಸುಮ್ನೆ ಸಮಾಧಾನವಾ? 2010ರಲ್ಲಿ ಪ್ರಕಟವಾದ ಒಂದು ಇಂಗ್ಲೆಂಡ್ ಅಧ್ಯಯನದಲ್ಲಿ ಉಸಿರಾಟದ ತೊಂದರೆ ಬಗೆಹರಿಯದೆ ಉಳಿದಿದ್ದ 50 ಮಂದಿಗೆ ಐದೈದು ನಿಮಿಷ ಫ್ಯಾನ್ ಗಾಳಿ ಕೊಟ್ಟರು. ಒಮ್ಮೆ ಮುಖಕ್ಕೆ, ಒಮ್ಮೆ ಕಾಲಿಗೆ. ಯಾವುದು ಮೊದಲು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಮುಖಕ್ಕೆ ಗಾಳಿ ಬಿದ್ದಾಗ ಉಸಿರಾಟದ ಕಷ್ಟ ಕಡಿಮೆಯಾಯಿತು.

ಕಾಲಿಗೆ ಯಾಕೆ ಹಿಡಿದರು ಅಂತ ಯೋಚಿಸಿ. ಅದೇ ಫ್ಯಾನ್, ಅದೇ ಸದ್ದು, ಪಕ್ಕದಲ್ಲಿ ಅದೇ ಮನುಷ್ಯರು. ಬದಲಾದದ್ದು ಗಾಳಿ ಬೀಳುವ ಜಾಗ ಒಂದೇ. ಹಾಗಾಗಿ “ಯಾರೋ ಪಕ್ಕದಲ್ಲಿದ್ದರಲ್ಲ, ಅದಕ್ಕೇ ಹಾಯೆನಿಸಿತು” ಅನ್ನುವ ಅನುಮಾನಕ್ಕೆ ಜಾಗವೇ ಇಲ್ಲ. ಔಷಧಿ ಇಲ್ಲ, ದೊಡ್ಡ ಯಂತ್ರ ಇಲ್ಲ. ನರ್ಸ್‌ಗೆ ಹೊಳೆಯಬಹುದಾದ, ನರ್ಸ್ ಕೈಯಲ್ಲೇ ಆಗುವ ಪ್ರಶ್ನೆ.

ನಿಮ್ಮದನ್ನು ಹುಡುಕಲು ಎರಡು ವಾರ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ಶಿಫ್ಟ್ ಮುಗಿಯುವಾಗ ಒಂದೇ ಸಾಲು ಬರೆಯಿರಿ: ಇವತ್ತು “ಇದನ್ನು ಯಾಕೆ ಹೀಗೆ ಮಾಡ್ತೀವಿ?” ಅನಿಸಿದ್ದು ಯಾವುದು? ಒಣಗಿದ ಬಾಯಿಗೆ ಎಷ್ಟು ಹೊತ್ತಿಗೊಮ್ಮೆ ಒದ್ದೆ ಮಾಡಬೇಕು? ರಾತ್ರಿ ಪಾಳಿಯಲ್ಲಿ ನೋವಿನ ಅಂಕ ಕೇಳುವುದು ಯಾಕೆ ತಪ್ಪಿಹೋಗುತ್ತದೆ? ಗಂಟಲಲ್ಲಿ ಗೊರಗೊರ ಸದ್ದು ಶುರುವಾದಾಗ ಮನೆಯವರಿಗೆ ಏನು ಹೇಳುತ್ತೇವೆ, ಅವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ?

ರೋಗಿ ಹೇಳಿದ್ದನ್ನು ಬರೆದಿಟ್ಟುಕೊಳ್ಳುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಜಾಗಕ್ಕೆ ಹಾಸ್ಪೈಸ್ ಅನ್ನುತ್ತಾರೆ. ಆಧುನಿಕ ಹಾಸ್ಪೈಸ್ ಚಳವಳಿಗೆ ಬುನಾದಿ ಹಾಕಿದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು. ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಸಮಾಜ ಕಾರ್ಯಕ್ಕೆ ಹೋದರು, ಆಮೇಲೆ ಡಾಕ್ಟರಾದರು. ರೋಗಿಗಳ ಮಾತನ್ನು ಕೂತು ಕೇಳಿ, ಟೇಪಿನಲ್ಲಿ ದಾಖಲಿಸಿಕೊಂಡೇ ಅವರು ‘ಒಟ್ಟು ನೋವು’ ಅನ್ನುವ ಕಲ್ಪನೆಗೆ ಬಂದದ್ದು. ಮೈನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ಬದುಕಿನ ಅರ್ಥದ ಬಗೆಗಿನ ತಳಮಳ ಎಲ್ಲ ಸೇರಿ ಒಂದೇ ನೋವು ಅನ್ನುವುದು ಅದರ ಸಾರ. 1967ರಲ್ಲಿ ಅವರು ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು.

ಎಡವುವ ಜಾಗ: ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆ. “ನೋವಿರುವವರಿಗೆ ನಿದ್ದೆ ಕಡಿಮೆಯಾ?” ಅಂತ ಕೇಳಲು ನೂರು ರೋಗಿಗಳ ಸಮಯ ತೆಗೆದುಕೊಳ್ಳಬೇಡಿ.

ಹಂತ 2: ಓದುವುದು, ಆದರೆ ಹಿಡಿತದಲ್ಲಿ

ಪ್ರಶ್ನೆಯನ್ನು ನಾಲ್ಕು ತುಂಡು ಮಾಡಿ: ಯಾರ ಬಗ್ಗೆ, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಏನನ್ನು ಅಳೆಯುತ್ತೇವೆ. ಇದನ್ನೇ ‘ಪಿಕೊ’ ಅನ್ನುತ್ತಾರೆ. ಪ್ರತಿ ತುಂಡಿಗೂ ಮೂರ್ನಾಲ್ಕು ಪರ್ಯಾಯ ಪದ ಬರೆದುಕೊಂಡು ಪಬ್‌ಮೆಡ್‌ನಲ್ಲಿ ಹುಡುಕಿ. ಅದು ಉಚಿತ. ನರ್ಸಿಂಗ್ ಪತ್ರಿಕೆಗಳಿಗೆ ಸಿನಾಲ್ ಅನ್ನುವ ಬೇರೆ ಕೋಶ ಇದೆ, ಅದಕ್ಕೆ ಕಾಲೇಜಿನ ಲೈಬ್ರರಿಯ ಲಾಗಿನ್ ಬೇಕಾಗುತ್ತದೆ.

ಓದುವಾಗ ಸೋತ ಅಧ್ಯಯನಗಳನ್ನೂ ಓದಿ. 1995ರಲ್ಲಿ ಅಮೆರಿಕದಲ್ಲಿ ‘ಸಪೋರ್ಟ್’ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಐದು ಆಸ್ಪತ್ರೆ, ಎರಡು ಹಂತ ಸೇರಿ 9,000ಕ್ಕೂ ಜಾಸ್ತಿ ರೋಗಿಗಳು. ಎರಡನೇ ಹಂತದಲ್ಲಿ ತರಬೇತಿ ಪಡೆದ ನರ್ಸ್‌ಗಳು ರೋಗಿ, ಮನೆಯವರು, ಡಾಕ್ಟರು ಈ ಮೂವರ ನಡುವೆ ಓಡಾಡಿ ಮಾತು ನಡೆಸಿದರು. ಆದರೂ ನೋವು ಕಡಿಮೆಯಾಗಲಿಲ್ಲ, ಡಾಕ್ಟರುಗಳ ನಿರ್ಧಾರವೂ ಬದಲಾಗಲಿಲ್ಲ. ಒಬ್ಬ ನರ್ಸನ್ನು ತಂದು ಮಧ್ಯೆ ನಿಲ್ಲಿಸಿದ ಮಾತ್ರಕ್ಕೆ ವ್ಯವಸ್ಥೆ ಬದಲಾಗುವುದಿಲ್ಲ ಅನ್ನುವುದು ಅಂಕಿಗಳಲ್ಲೇ ಕಂಡಿತು. 2009ರಲ್ಲಿ ನರ್ಸ್ ಸಂಶೋಧಕಿ ಮೇರಿ ಬಕಿಟಾಸ್ ಮತ್ತು ತಂಡ ಬೇರೆ ದಾರಿ ಹಿಡಿದದ್ದನ್ನು ಪ್ರಕಟಿಸಿದರು. ಮುಂದುವರಿದ ಕ್ಯಾನ್ಸರ್ ಇದ್ದ 322 ಮಂದಿಯಲ್ಲಿ ಒಂದು ಗುಂಪಿಗೆ ನರ್ಸ್‌ಗಳು ಫೋನಿನಲ್ಲೇ ವಾರಕ್ಕೊಂದರಂತೆ ನಾಲ್ಕು ಪಾಠ ಮಾಡಿ, ಆಮೇಲೆ ತಿಂಗಳಿಗೊಮ್ಮೆ ವಿಚಾರಿಸುತ್ತಾ ಬಂದರು. ಆ ಗುಂಪಿನವರ ಜೀವನದ ಗುಣಮಟ್ಟ, ಮನಸ್ಥಿತಿ ಎರಡೂ ಉತ್ತಮವಾಗಿತ್ತು. ರೋಗಲಕ್ಷಣದ ತೀವ್ರತೆಯಲ್ಲಿ, ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಹತ್ತು ಪಠ್ಯಪುಸ್ತಕ ಕಲಿಸದ್ದು ಅಲ್ಲಿದೆ.

ಹಂತ 3: ವಿಧಾನ ಆರಿಸಿ

ಎಷ್ಟು, ಎಷ್ಟು ಸಲ, ಕಡಿಮೆಯಾಯ್ತಾ ಅನ್ನುವ ಪ್ರಶ್ನೆಗೆ ಸಂಖ್ಯೆಯ ಅಧ್ಯಯನ. ಹೇಗನಿಸಿತು, ಯಾಕೆ ಹಾಗೆ ಮಾಡಿದರು ಅನ್ನುವುದಕ್ಕೆ ಸಂದರ್ಶನ. ಎರಡನ್ನೂ ಬೆರೆಸಬಹುದು. ಮೊದಲ ಸಲ ಮಾಡುವವರಿಗೆ ಮಾತ್ರ ಒಂದೇ ಸಾಕು ಅನ್ನುತ್ತೇನೆ.

ಸಂದರ್ಶನದ ಸಂಶೋಧನೆ ಎರಡನೇ ದರ್ಜೆಯದು ಅನ್ನುವ ಭಾವನೆ ಇನ್ನೂ ಕೆಲವರಲ್ಲಿದೆ. 1960ರ ದಶಕದಲ್ಲಿ ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್ ಅವರ ತಂಡ, ಅದರಲ್ಲಿ ಜೀನ್ ಕ್ವಿಂಟ್ ಅನ್ನುವ ನರ್ಸ್ ಕೂಡ ಇದ್ದರು, ಆಸ್ಪತ್ರೆಗಳಲ್ಲಿ ಸಾಯುತ್ತಿರುವವರ ಸುತ್ತ ಏನು ನಡೆಯುತ್ತದೆ ಅಂತ ನೋಡುತ್ತಾ ಕೂತಿತು. ಅವರು ಕಂಡದ್ದು ನಾಲ್ಕು ಥರದ ಸ್ಥಿತಿ. ಎಲ್ಲರಿಗೂ ಗೊತ್ತು, ರೋಗಿಗೆ ಮಾತ್ರ ಗೊತ್ತಿಲ್ಲ. ರೋಗಿಗೆ ಅನುಮಾನ ಬಂದಿದೆ. ಎಲ್ಲರಿಗೂ ಗೊತ್ತು, ಆದರೆ ಗೊತ್ತಿಲ್ಲದ ಹಾಗೆ ಎಲ್ಲರೂ ನಟಿಸುತ್ತಾರೆ. ಕಡೆಯದು, ಎಲ್ಲರೂ ಬಾಯಿಬಿಟ್ಟು ಮಾತಾಡುವುದು. ಈ ಕೆಲಸದಿಂದಲೇ ‘ಗ್ರೌಂಡೆಡ್ ಥಿಯರಿ’ ಅನ್ನುವ ವಿಧಾನ ಹುಟ್ಟಿತು. ಅಂದರೆ ಸಿದ್ಧಾಂತವನ್ನು ಮೊದಲೇ ಇಟ್ಟುಕೊಳ್ಳದೆ, ಸಿಕ್ಕ ಮಾಹಿತಿಯಿಂದಲೇ ಕಟ್ಟುವುದು. ಈ ನಾಲ್ಕು ಸ್ಥಿತಿಗಳನ್ನು ನೆನಪಿಡಿ, ಒಪ್ಪಿಗೆ ಪತ್ರ ಬರೆಯುವಾಗ ಮತ್ತೆ ಬೇಕಾಗುತ್ತವೆ.

ಹಂತ 4: ಅಳತೆಗೋಲು, ಅಂದರೆ ಟೂಲ್

ಹೊಸ ಪ್ರಶ್ನಾವಳಿ ಬರೆಯುವ ಆಸೆ ಬೇಡ. ಅದನ್ನು ಪರೀಕ್ಷಿಸಿ ಗಟ್ಟಿ ಮಾಡುವುದೇ ಬೇರೊಂದು ಸಂಶೋಧನೆ. ಇರುವುದರಲ್ಲಿ ಆರಿಸಿ.

‘ಇಸಾಸ್’ ಅನ್ನುವುದು 1991ರಲ್ಲಿ ಕೆನಡಾದ ಎಡ್ಮಂಟನ್‌ನಿಂದ ಬಂದದ್ದು. ಈಗಿನ ರೂಪದಲ್ಲಿ ನೋವು, ಸುಸ್ತು, ಮಂಪರು, ಹಸಿವು, ಉಸಿರಾಟ ಹೀಗೆ ಒಂಬತ್ತು ವಿಷಯಕ್ಕೆ 0ಯಿಂದ 10ರವರೆಗೆ ಅಂಕ. ಕೇಳುವುದು ‘ಈಗ ಹೇಗಿದೆ’ ಅಂತ. ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ‘ಐಪಾಸ್’ ರೋಗಲಕ್ಷಣದ ಜೊತೆಗೆ ಮನಸ್ಸಿನ ಸಮಾಧಾನ, ಮನೆಯವರ ಆತಂಕ, ಸಿಕ್ಕ ಮಾಹಿತಿ ಇವನ್ನೂ ಕೇಳುತ್ತದೆ. ರೋಗಿಯೇ ತುಂಬುವ ಒಂದು ರೂಪ, ಸಿಬ್ಬಂದಿ ತುಂಬುವ ಇನ್ನೊಂದು ರೂಪ ಇದೆ, ರೋಗಿಗೆ ಆಗದಿದ್ದಾಗ ಇದು ದೊಡ್ಡ ಅನುಕೂಲ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ‘ಕ್ಯೂಎಲ್‌ಕ್ಯೂ-ಸಿ30’ರಲ್ಲಿ 30 ಪ್ರಶ್ನೆಗಳಿವೆ. ಉಪಶಾಮಕ ಆರೈಕೆಯಲ್ಲಿರುವವರಿಗೆಂದೇ ಅದನ್ನು 15 ಪ್ರಶ್ನೆಗೆ ಇಳಿಸಿದ್ದಾರೆ. ಹಾಸಿಗೆ ಹಿಡಿದವರಿಗೆ 30 ಪ್ರಶ್ನೆ ಕೇಳಿದ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಇಪ್ಪತ್ತನೆಯದರ ನಂತರ ಎಲ್ಲದಕ್ಕೂ ಒಂದೇ ಉತ್ತರ ಬಂದಿರುತ್ತದೆ. ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಮಾತಾಡಲಾಗದವರ ನೋವಿಗೆ ‘ಪೇನ್ಯಾಡ್’ ಥರದ ನೋಡಿ ಅಂಕ ಕೊಡುವ ಟೂಲ್‌ಗಳಿವೆ. ಉಸಿರು, ನರಳಿಕೆ, ಮುಖಭಾವ, ಮೈಯ ಚಲನೆ, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾರಾ ಅನ್ನುವುದು, ಹೀಗೆ ಐದಕ್ಕೂ ತಲಾ 0ಯಿಂದ 2. ಇದು ಮೂಲತಃ ಮುಂದುವರಿದ ಡಿಮೆನ್ಷಿಯಾ ಇರುವವರಿಗಾಗಿ ಮಾಡಿದ್ದು. ಬೇರೆಯವರಿಗೆ ಬಳಸುವುದಾದರೆ ಆ ಮಾತನ್ನು ವರದಿಯಲ್ಲಿ ಹೇಳಲೇಬೇಕು.

ಇನ್ನು ಭಾಷಾಂತರ. ಇಲ್ಲೇ ಅರ್ಧ ಸ್ಟಡಿಗಳು ಹಾಳಾಗುವುದು. ನಮ್ಮ ಭಾಷೆಯಲ್ಲಿ ‘ಸಂಕಟ’ ಅನ್ನುವ ಪದ ನೋಡಿ. ವಾಂತಿ ಬರುವ ಹಾಗಿದ್ದರೂ ಸಂಕಟ, ಮನಸ್ಸಿಗೆ ನೋವಾದರೂ ಸಂಕಟ. “ನಿಮಗೆ ಸಂಕಟ ಆಗ್ತಿದೆಯಾ?” ಅಂದರೆ ಒಬ್ಬರು ಹೊಟ್ಟೆ ಮುಟ್ಟಿ 7 ಅನ್ನುತ್ತಾರೆ, ಇನ್ನೊಬ್ಬರು ಕಣ್ಣೊರೆಸಿಕೊಂಡು 7 ಅನ್ನುತ್ತಾರೆ. ನಿಮ್ಮ ಹಾಳೆಯಲ್ಲಿ ಎರಡೂ ಒಂದೇ. ‘ಬೇಜಾರು’ ಕೂಡ ಹಾಗೆಯೇ. ಖಿನ್ನತೆಯೂ ಆಗಬಹುದು, ಸುಮ್ನೆ ಮಲಗಿ ಮಲಗಿ ಹೊತ್ತು ಹೋಗದಿರುವುದೂ ಆಗಬಹುದು. ‘ವಾಕರಿಕೆ, ವಾಂತಿ ಬರುವ ಹಾಗಾಗುವುದು’ ಅಂತ ಬಿಡಿಸಿ ಬರೆಯಿರಿ. ‘ಸುಸ್ತು’ ಬೇರೆ, ‘ಮಂಪರು’ ಬೇರೆ. ಒಂದರಲ್ಲಿ ಶಕ್ತಿ ಇಲ್ಲ, ಇನ್ನೊಂದರಲ್ಲಿ ಕಣ್ಣು ತಾನಾಗೇ ಮುಚ್ಚುತ್ತದೆ.

ಒಬ್ಬರು ಕನ್ನಡಕ್ಕೆ ತರಲಿ. ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಎರಡನ್ನೂ ತಾಳೆ ನೋಡಿ. ಆಮೇಲೆ ಐದಾರು ರೋಗಿಗಳಿಗೆ ಓದಿ ಹೇಳಿ, “ಈ ಪ್ರಶ್ನೆ ಕೇಳಿದರೆ ನಿಮಗೆ ಏನು ಅರ್ಥ ಆಗುತ್ತದೆ?” ಅಂತ ಕೇಳಿ. ಇದೆಲ್ಲಕ್ಕೂ ಮುಂಚೆ ಟೂಲ್ ಮಾಡಿದವರ ಅನುಮತಿ ಬೇಕು. ಎಷ್ಟೋ ಸಲ ಅವರ ಬಳಿ ಅಧಿಕೃತ ಭಾಷಾಂತರವೇ ಇರುತ್ತದೆ, ಮೊದಲು ಕೇಳಿ ನೋಡಿ.

ಹಂತ 5: ಎಥಿಕ್ಸ್ ಕಮಿಟಿ

ಕಮಿಟಿಯವರು ಕೇಳುವ ಪ್ರಶ್ನೆಗಳನ್ನು ಅಡ್ಡಿ ಅಂದುಕೊಳ್ಳಬೇಡಿ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ನೀತಿ ಹಾಕಿಕೊಟ್ಟ 1964ರ ಹೆಲ್ಸಿಂಕಿ ಘೋಷಣೆಯಿಂದ ಈಚೆಗೆ ನಿಯಮದ ತಿರುಳು ಒಂದೇ: ವಿಜ್ಞಾನಕ್ಕಿಂತ ಎದುರಿಗಿರುವ ಮನುಷ್ಯರ ಹಿತ ದೊಡ್ಡದು, ಅವರು ಯಾವಾಗ ಬೇಕಾದರೂ ಹೊರಗೆ ಹೋಗಬಹುದು. ಅರ್ಜಿಯಲ್ಲಿ ನಾಲ್ಕು ವಿಷಯ ಸ್ಪಷ್ಟವಾಗಿ ಬರೆಯಿರಿ.

ಮೊದಲನೆಯದು, ರೋಗಿ ಅಳಲು ಶುರು ಮಾಡಿದರೆ ಏನು ಮಾಡುತ್ತೀರಿ. “ಸಾಂತ್ವನ ಹೇಳಲಾಗುವುದು” ಅಂದರೆ ಸಾಲದು. ರೆಕಾರ್ಡರ್ ನಿಲ್ಲಿಸುತ್ತೇನೆ, ಪಕ್ಕದಲ್ಲೇ ಕೂರುತ್ತೇನೆ, ಮುಂದುವರಿಸಬೇಕಾ ಅಂತ ಅವರನ್ನೇ ಕೇಳುತ್ತೇನೆ, ಬೇಕೆಂದರೆ ಇಂಥ ಆಪ್ತಸಮಾಲೋಚಕರಿಗೆ ಅದೇ ದಿನ ತಿಳಿಸುತ್ತೇನೆ. ಹೀಗೆ ಬರೆಯಿರಿ.

ಎರಡನೆಯದು, ನೋವಿನ ಅಂಕ 8 ಅಂತ ಹೇಳಿದರೆ? ಹಾಳೆ ಮಡಚಿಕೊಂಡು ಬರುವ ಹಾಗಿಲ್ಲ. ಡ್ಯೂಟಿ ನರ್ಸ್‌ಗೆ ತಕ್ಷಣ ಹೇಳಬೇಕು. ಇದರಿಂದ ನಿಮ್ಮ ಡಾಟಾ ಕೆಡುತ್ತದೆ ಅಂತ ಯಾರಾದರೂ ಹೇಳಿದರೆ, ಕೆಡಲಿ ಬಿಡಿ.

ಮೂರನೆಯದು, ಸಾಯಬೇಕು ಅನಿಸುತ್ತಿದೆ ಅಂತ ಯಾರಾದರೂ ಹೇಳಿದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸುತ್ತೀರಿ. ಗೋಪ್ಯತೆಗೆ ಇರುವ ಈ ಒಂದು ಮಿತಿಯನ್ನು ಒಪ್ಪಿಗೆ ಕೇಳುವಾಗಲೇ ಹೇಳಿಬಿಡಬೇಕು.

ನಾಲ್ಕನೆಯದೇ ಎಲ್ಲರೂ ಬೀಳುವ ಗುಂಡಿ. ನಿಮ್ಮ ಸ್ಟಡಿಯ ಹೆಸರು “ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಲ್ಲಿ...” ಅಂತ ಶುರುವಾಗುತ್ತದೆ. ಅದೇ ಹೆಸರನ್ನು ರೋಗಿಗೆ ಕೊಡುವ ಮಾಹಿತಿ ಹಾಳೆಯ ಮೇಲೂ ದಪ್ಪ ಅಕ್ಷರದಲ್ಲಿ ಹಾಕಿರುತ್ತೀರಿ. ಹಂತ 3ರಲ್ಲಿ ಹೇಳಿದ ಮೊದಲ ಸ್ಥಿತಿ ನೆನಪಿದೆಯಾ, ರೋಗಿಗೆ ಮಾತ್ರ ಗೊತ್ತಿಲ್ಲದ್ದು? ಅಂಥವರು ತಮ್ಮ ಸಾವಿನ ಸುದ್ದಿಯನ್ನು ನಿಮ್ಮ ಹಾಳೆಯಿಂದ ಓದಿ ತಿಳಿಯುತ್ತಾರೆ. ರೋಗಿಯ ಹಾಳೆಗೆ “ಗಂಭೀರ ಕಾಯಿಲೆ ಇರುವವರ ದಿನನಿತ್ಯದ ಆರಾಮದ ಬಗ್ಗೆ” ಅನ್ನುವಂಥ ಬೇರೆ ಹೆಸರು ಇಟ್ಟು, ಕಮಿಟಿಗೆ ಕಾರಣ ತಿಳಿಸಿ. ಸುಳ್ಳು ಹೇಳಬೇಡಿ. ಅವರು ನೇರವಾಗಿ “ನಂಗೆ ವಾಸಿ ಆಗಲ್ವಾ?” ಅಂತ ಕೇಳಿದರೆ, “ಈ ಬಗ್ಗೆ ನಿಮಗೆ ಏನು ಹೇಳಿದ್ದಾರೆ?” ಅಂತ ಕೇಳಿ, ಅವರು ಒಪ್ಪಿದರೆ ನೋಡಿಕೊಳ್ಳುವ ಡಾಕ್ಟರಿಗೆ ವಿಷಯ ಮುಟ್ಟಿಸಿ.

ಹಂತ 6: ಒಪ್ಪಿಗೆ ಕೇಳುವುದು

ಅದೇ ವಾರ್ಡಿನಲ್ಲಿ ಡ್ಯೂಟಿ ಮಾಡುವವರಾದರೆ ನೀವೇ ಮೊದಲು ಕೇಳಬೇಡಿ. ಬೆಳಿಗ್ಗೆ ಡ್ರೆಸ್ಸಿಂಗ್ ಮಾಡಿದ, ರಾತ್ರಿ ಇಂಜೆಕ್ಷನ್ ಕೊಡುವ ಸಿಸ್ಟರಿಗೆ ‘ಆಗಲ್ಲ’ ಅನ್ನುವ ಧೈರ್ಯ ಯಾರಿಗಿರುತ್ತದೆ? ಬೇರೆಯವರು ವಿಷಯ ತಿಳಿಸಲಿ. ಒಂದು ದಿನ ಯೋಚಿಸಲು ಬಿಡಿ. ಆದರೆ ಒಂದು ವಾರ ಬಿಡಬೇಡಿ, ಅಷ್ಟರಲ್ಲಿ ಸ್ಥಿತಿ ಬದಲಾಗಬಹುದು. ಯೂನಿಫಾರ್ಮ್ ಇಲ್ಲದೆ ಹೋಗಿ, ಕುರ್ಚಿ ಎಳೆದುಕೊಂಡು ಕೂತು ಮಾತಾಡಿ.

ಒಂದು ಸಹಿ ಹಾಕಿಸಿಕೊಂಡರೆ ಮುಗಿಯಿತು ಅಂದುಕೊಳ್ಳಬೇಡಿ. ಪ್ರತಿ ಭೇಟಿಯಲ್ಲೂ “ಇವತ್ತು ಆಗುತ್ತಾ?” ಅಂತ ಕೇಳಬೇಕು. ಮುಖ ತಿರುಗಿಸಿಕೊಂಡರೆ, ಕಣ್ಣು ಮುಚ್ಚಿದರೆ ಅದೂ ಉತ್ತರವೇ.

ಪ್ರಜ್ಞೆ ತಪ್ಪಿದ ಮೇಲಿನ ದಿನಗಳ ಬಗ್ಗೆ ಸ್ಟಡಿ ಇದ್ದರೆ? ಮುಂಗಡ ಒಪ್ಪಿಗೆ ಅನ್ನುವ ದಾರಿ ಇದೆ. ಸಾವಿಗೆ ಮುಂಚಿನ ಆ ಗಂಟಲ ಗೊರಗೊರವನ್ನು ಔಷಧಿಯಿಂದ ತಡೆಯಬಹುದಾ ಅಂತ ನೆದರ್ಲ್ಯಾಂಡ್ಸ್‌ನ ಹಾಸ್ಪೈಸ್‌ಗಳಲ್ಲಿ ಒಂದು ಪರೀಕ್ಷೆ ನಡೆಯಿತು, 2021ರಲ್ಲಿ ಪ್ರಕಟವಾಯಿತು. ರೋಗಿಗಳು ಹಾಸ್ಪೈಸಿಗೆ ಬಂದು ಸೇರಿದಾಗ, ಇನ್ನೂ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಒಪ್ಪಿಗೆ ಪಡೆದಿದ್ದರು. ಕೊನೆಯ ದಿನಗಳು ಬಂದಾಗ ಔಷಧಿ ಶುರು ಮಾಡಿದರು. ಔಷಧಿ ಪಡೆದವರಲ್ಲಿ 13% ಮಂದಿಗೆ, ಪಡೆಯದವರಲ್ಲಿ 27% ಮಂದಿಗೆ ಆ ಸದ್ದು ಬಂತು. ಈ ಪ್ರಶ್ನೆಗೆ ಉತ್ತರ ಸಿಗಲು ಸಾಧ್ಯವಾದದ್ದೇ ಮುಂಚಿತವಾಗಿ, ನೇರವಾಗಿ ಕೇಳಿದ್ದರಿಂದ.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. “ಪಾಪ, ಅವರನ್ನು ಯಾಕೆ ತೊಂದರೆ ಕೊಡ್ತೀರಿ” ಅಂತ ಡಾಕ್ಟರು, ನರ್ಸ್‌ಗಳು, ಮನೆಯವರು ರೋಗಿಯನ್ನು ಕೇಳದೆಯೇ ಬೇಡ ಅಂದುಬಿಡುತ್ತಾರೆ. ಬಾಗಿಲು ಕಾಯುವುದು ಅಂತ ಇದಕ್ಕೆ ಹೆಸರು. ತೀರಾ ಹುಷಾರಿಲ್ಲದವರು, ಸಿಡುಕುವವರು ಹೀಗೆ ಹೊರಗುಳಿದು, ನಗುನಗುತ್ತಾ ಮಾತಾಡುವವರು ಮಾತ್ರ ನಿಮ್ಮ ಪಟ್ಟಿಯಲ್ಲಿ ಉಳಿಯುತ್ತಾರೆ. ಯಾರನ್ನು, ಯಾರು, ಯಾಕೆ ಬೇಡ ಅಂದರು ಅಂತ ಹೆಸರಿಲ್ಲದೆ ಲೆಕ್ಕ ಇಡಿ.

ಹಂತ 7: ಮಾಹಿತಿ ಸೇರಿಸುವುದು

ನೋವಿನ ಮಾತ್ರೆ ಕೊಟ್ಟು ಎಷ್ಟು ಹೊತ್ತಾಯಿತು ಅಂತ ಪ್ರತಿ ಸಲವೂ ಬರೆದುಕೊಳ್ಳಿ. ಒಬ್ಬರನ್ನು ಮಾತ್ರೆಗೆ ಮುಂಚೆ, ಇನ್ನೊಬ್ಬರನ್ನು ಮಾತ್ರೆ ಆದ ಗಂಟೆಗೆ ಕೇಳಿದರೆ ನೀವು ಅಳೆದದ್ದು ಗಡಿಯಾರವನ್ನು. ರೌಂಡ್ಸ್ ಹೊತ್ತು, ಊಟದ ಹೊತ್ತು ಬೇಡ. ಪ್ರಶ್ನೆಗಳಲ್ಲಿ ಮುಖ್ಯವಾದದ್ದನ್ನು ಮೊದಲು ಕೇಳಿ, ಮಧ್ಯದಲ್ಲಿ ನಿಂತರೂ ಅದಾದರೂ ಸಿಕ್ಕಿರುತ್ತದೆ. ಸಂದರ್ಶನವಾದರೆ ನೀರು, ಟಿಶ್ಯೂ ಕೈಗೆಟುಕುವಂತಿರಲಿ. ಮೌನಕ್ಕೆ ಹೆದರಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ, ಎಷ್ಟೋ ಸಲ ನಿಜವಾದ ಉತ್ತರ ಎಂಟಕ್ಕೆ ಬರುತ್ತದೆ.

ರೋಗಿಯಿಂದ ಆಗದಿದ್ದಾಗ ಮನೆಯವರನ್ನು ಕೇಳುತ್ತೇವೆ. ವಾಂತಿ, ಉಸಿರಾಟದಂಥ ಕಣ್ಣಿಗೆ ಕಾಣುವ ವಿಷಯದಲ್ಲಿ ಅವರ ಉತ್ತರ ರೋಗಿಯ ಉತ್ತರಕ್ಕೆ ಹತ್ತಿರ ಇರುತ್ತದೆ. ನೋವು, ಆತಂಕ, ದುಃಖದ ವಿಷಯದಲ್ಲಿ ಅಷ್ಟು ಹೊಂದುವುದಿಲ್ಲ. ಹಾಗಾಗಿ ಇಬ್ಬರ ಅಂಕವನ್ನು ಒಂದೇ ಕಾಲಮ್ಮಿನಲ್ಲಿ ಹಾಕಬೇಡಿ. ಸಾವಿನ ನಂತರ ಮನೆಯವರನ್ನು ಸಂದರ್ಶಿಸುವುದಾದರೆ ಕೆಲವು ತಿಂಗಳು ಬಿಟ್ಟು ಕೇಳಿ. ಹುಟ್ಟಿದ ದಿನ, ತೀರಿಕೊಂಡ ದಿನದ ಆಸುಪಾಸು ಕರೆ ಮಾಡಬೇಡಿ.

ಹಂತ 8: ಬಿಟ್ಟುಹೋಗುವವರ ಲೆಕ್ಕ

ಇದೇ ಈ ಸಂಶೋಧನೆಯ ಅತಿ ಕಷ್ಟದ ಭಾಗ. ಕೆಲವರು ಸ್ಟಡಿ ಮಧ್ಯೆ ತೀರಿಹೋಗುತ್ತಾರೆ. ಕೆಲವರಿಗೆ ಕಾಯಿಲೆ ಜೋರಾಗುತ್ತದೆ. ಇದು ನಿಮ್ಮ ತಪ್ಪಲ್ಲ, ಆಗಿಯೇ ಆಗುವುದು. ಮೊದಲೇ ಲೆಕ್ಕಕ್ಕೆ ತಗೊಂಡಿಲ್ಲ ಅಂದರೆ ಮಾತ್ರ ತಪ್ಪು.

ಕೊನೆಗೆ 60 ಮಂದಿಯ ಮಾಹಿತಿ ಬೇಕು, 40% ಬಿಟ್ಟುಹೋಗಬಹುದು ಅಂದುಕೊಳ್ಳಿ. 60ಕ್ಕೆ ಅದರ 40% ಕೂಡಿಸಿ 84 ಅನ್ನುವುದು ತಪ್ಪು ಲೆಕ್ಕ. 60ನ್ನು 0.6ರಿಂದ ಭಾಗಿಸಬೇಕು. 100 ಮಂದಿಯಿಂದ ಶುರು ಮಾಡಬೇಕು.

ಕಾರಣಗಳನ್ನು ಬೇರೆ ಬೇರೆ ಬರೆಯಿರಿ. 2013ರಲ್ಲಿ ಬಂದ ‘ಮೋರ್‌ಕೇರ್’ ಮಾರ್ಗಸೂಚಿ ಮೂರು ಗುಂಪು ಮಾಡುತ್ತದೆ: ಸಾವಿನಿಂದ, ಕಾಯಿಲೆಯಿಂದ, ಬೇರೆ ಆಕಸ್ಮಿಕ ಕಾರಣದಿಂದ. ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಅಂದರೆ, ಈ ಸಣ್ಣ ಲೆಕ್ಕ ನೋಡಿ. ಐವರು ರೋಗಿಗಳು, ಮೊದಲ ದಿನದ ನೋವಿನ ಅಂಕ 2, 3, 4, 8, 9. ಸರಾಸರಿ 5.2. ಎರಡು ವಾರದ ನಂತರ 8 ಮತ್ತು 9 ಹೇಳಿದವರು ಇಲ್ಲ. ಉಳಿದ ಮೂವರು 3, 3, 4 ಅನ್ನುತ್ತಾರೆ. ಸರಾಸರಿ 3.3. “ನಮ್ಮ ಆರೈಕೆಯಿಂದ ನೋವು 5.2ರಿಂದ 3.3ಕ್ಕೆ ಇಳಿಯಿತು” ಅಂತ ಬರೆದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಉಳಿದ ಮೂವರನ್ನೇ ನೋಡಿ: ಅವರ ಸರಾಸರಿ 3.0 ಇದ್ದದ್ದು 3.3 ಆಗಿದೆ. ನೋವು ಒಂಚೂರು ಏರಿದೆ. ಇಳಿದ ಹಾಗೆ ಕಂಡದ್ದು ಇಬ್ಬರು ಸತ್ತದ್ದರಿಂದ.

ಸತ್ತವರ ಜಾಗಕ್ಕೆ ಸೊನ್ನೆ ಹಾಕಬೇಡಿ, ಅವರ ಹಳೆಯ ಅಂಕವನ್ನೇ ಎಳೆದು ತುಂಬಬೇಡಿ. ಏನು ಮಾಡಬೇಕು ಅನ್ನುವುದನ್ನು ಅಂಕಿ-ಅಂಶದವರ ಜೊತೆ ಕೂತು ಮೊದಲೇ ಬರೆದಿಡಿ. ಅಂದಹಾಗೆ, ಅಳತೆಗಳ ನಡುವಿನ ಅಂತರ ಕಡಿಮೆ ಇಟ್ಟಷ್ಟೂ ಒಳ್ಳೆಯದು. ಕೊನೆ ವಾರಗಳಲ್ಲಿರುವವರನ್ನು ಮೂರು ತಿಂಗಳ ನಂತರ ಭೇಟಿ ಮಾಡುತ್ತೇನೆ ಅಂತ ಯೋಜನೆ ಹಾಕಿದವರಿದ್ದಾರೆ.

ಸಂದರ್ಶನದ ಮಾಹಿತಿಯಾದರೆ ಪದಪದವಾಗಿ ಬರೆದಿಳಿಸಿ, ಪದೇ ಪದೇ ಓದಿ, ಸಾಲುಗಳಿಗೆ ಗುರುತು ಹಾಕುತ್ತಾ ವಿಷಯಗಳನ್ನು ಗುಂಪು ಮಾಡಿ. ‘ನೋವು’, ‘ಭಯ’, ‘ಕುಟುಂಬ’ ಅನ್ನುವ ಮೂರು ಗುಂಪು ಬಂದರೆ ಇನ್ನೂ ಕೆಲಸ ಶುರುವಾಗಿಲ್ಲ ಅಂತಲೇ ಅರ್ಥ. ಅವು ನೀವು ಕೇಳಿದ ಪ್ರಶ್ನೆಗಳ ಹೆಸರು ಅಷ್ಟೇ.

ಹಂತ 9: ನಿಮ್ಮನ್ನು ನೀವು ನೋಡಿಕೊಳ್ಳುವುದು

ಸಂದರ್ಶನ ಮಾಡುವಾಗ ಅಳು ಬರಲಿಲ್ಲ, ಮೂರು ವಾರದ ಮೇಲೆ ಇಯರ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಬರೆದಿಳಿಸುವಾಗ ಬಂತು ಅಂತ ತುಂಬಾ ಜನ ಹೇಳುತ್ತಾರೆ. ನನಗೂ ಆಗಿದೆ. ಅಷ್ಟರಲ್ಲಿ ಆ ದನಿಯ ಮನುಷ್ಯ ಇರುವುದಿಲ್ಲ. ದಿನಕ್ಕೆ ಒಂದಕ್ಕಿಂತ ಜಾಸ್ತಿ ಸಂದರ್ಶನ ಇಟ್ಟುಕೊಳ್ಳಬೇಡಿ. ರಾತ್ರಿ ಒಬ್ಬರೇ ಕೂತು ಬರೆದಿಳಿಸಬೇಡಿ. ಪ್ರತಿ ಭೇಟಿಯ ನಂತರ ಅರ್ಧ ಪುಟ ನಿಮ್ಮದೇ ಅನಿಸಿಕೆ ಬರೆದಿಡಿ. ಅದು ಮನಸ್ಸು ಹಗುರ ಮಾಡುತ್ತದೆ, ನಿಮ್ಮ ಭಾವನೆ ವಿಶ್ಲೇಷಣೆಯ ಮೇಲೆ ಎಲ್ಲೆಲ್ಲಿ ನೆರಳು ಹಾಕಿದೆ ಅಂತ ಆಮೇಲೆ ನೋಡಲೂ ಬೇಕಾಗುತ್ತದೆ.

ಹಂತ 10: ಬರೆಯುವುದು, ವಾರ್ಡಿಗೆ ಹಿಂತಿರುಗಿಸುವುದು

ಯಾವ ಬಗೆಯ ಅಧ್ಯಯನವೋ ಅದಕ್ಕೆ ತಕ್ಕ ಪರಿಶೀಲನಾ ಪಟ್ಟಿ ಇಟ್ಟುಕೊಂಡು ಬರೆಯಿರಿ. ಸಂದರ್ಶನಕ್ಕೆ 32 ಅಂಶಗಳ ‘ಕೊರೆಕ್’, ಗಮನಿಸಿ ದಾಖಲಿಸುವ ಅಧ್ಯಯನಕ್ಕೆ ‘ಸ್ಟ್ರೋಬ್’, ಪ್ರಯೋಗಕ್ಕೆ ‘ಕನ್ಸಾರ್ಟ್’. ಎಲ್ಲ ಉಚಿತವಾಗಿ ಸಿಗುತ್ತವೆ. ಬರೆದು ಮುಗಿಸಿದ ಮೇಲೆ ತೆಗೆದರೆ ಕಾಲು ಭಾಗ ಮಾಹಿತಿ ಸೇರಿಸಿಯೇ ಇಲ್ಲ ಅಂತ ಗೊತ್ತಾಗುತ್ತದೆ, ಶುರುವಿನಲ್ಲೇ ನೋಡಿ.

ರೋಗಿಗಳ ಮಾತು ಉಲ್ಲೇಖಿಸುವಾಗ ಹೆಸರು ಬದಲಿಸಿದರೆ ಸಾಲದು. ಒಂದೇ ವಾರ್ಡಿನ ಸ್ಟಡಿಯಲ್ಲಿ “34 ವರ್ಷದ ಶಿಕ್ಷಕಿ, ಅಪರೂಪದ ಮೂಳೆ ಕ್ಯಾನ್ಸರ್” ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಒಂದೆರಡು ವಿವರ ಬಿಡಿ.

ಫಲಿತಾಂಶವನ್ನು ಒಂದೇ ಪುಟದಲ್ಲಿ, ಸರಳ ಮಾತಿನಲ್ಲಿ ಬರೆದು ವಾರ್ಡಿಗೆ ಕೊಡಿ. ಹ್ಯಾಂಡ್‌ಓವರ್ ಹೊತ್ತಿನಲ್ಲಿ ಹತ್ತು ನಿಮಿಷ ಕೇಳಿ ಪಡೆದು ಹೇಳಿ, ಮೂರೂ ಪಾಳಿಯವರಿಗೂ. ಪಾಲ್ಗೊಂಡವರ ಮನೆಯವರಲ್ಲಿ ಯಾರು ಫಲಿತಾಂಶ ಬೇಕು ಅಂದಿದ್ದರೋ ಅವರಿಗೂ ಕಳಿಸಿ. ಇದಕ್ಕೆ ವಿಳಾಸ ಪಡೆಯುವ ಜಾಗ ಒಪ್ಪಿಗೆ ಪತ್ರದಲ್ಲೇ ಇರಬೇಕು. ಕಳಿಸುವ ಮುಂಚೆ ರೋಗಿ ಇದ್ದಾರಾ, ತೀರಿಕೊಂಡಿದ್ದಾರಾ ಅಂತ ದಾಖಲೆ ನೋಡಿ. ತೀರಿಕೊಂಡವರ ಹೆಸರಿಗೇ “ನಿಮ್ಮ ಆರೋಗ್ಯ ಚೆನ್ನಾಗಿದೆ ಎಂದು ಭಾವಿಸುತ್ತೇವೆ” ಅಂತ ಪತ್ರ ಹೋಗಬಾರದು.